ಮಾವನ ಬಸ್ಸು, ನನ್ನ ಇಟ್ಟಿಗೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುವವನಲ್ಲ, ಇದನ್ನು ಸರಿಯಾಗಿ ಹೇಳುತ್ತೇನೆ ಅನ್ನುವ ನಂಬಿಕೆಯೂ ಇಲ್ಲ. ತಿಪಟೂರಿನಲ್ಲಿ ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ. ಅಂದರೆ, ತೋಟದ ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋದರೆ ಅದರ ತಂತಿ ಬಿಚ್ಚಿ ಹೊಸ ತಂತಿ ಸುತ್ತಿಕೊಡುವ ಕೆಲಸ. ಮೋಟಾರು ಯಾಕೆ ಸುಟ್ಟಿತು ಅಂತ ನಾನು ವಿವರಿಸಲು ಶುರು ಮಾಡಿದರೆ ಗಿರಾಕಿಗಳು ಅರ್ಧಕ್ಕೇ "ಸಂಜೆ ಬತ್ತೀನಿ ಬುಡಿ" ಅಂತ ಎದ್ದು ಹೋಗುತ್ತಾರೆ. ನೀವೂ ಹಾಗೆ ಎದ್ದರೆ ನನಗೆ ಬೇಜಾರಿಲ್ಲ. ಆದರೆ ನಲವತ್ತು ದಾಟಿದ ಗಂಡಸು ಆಟದ ಸಾಮಾನು ಹಿಡಿದು ಊರೂರು ತಿರುಗಿದರೆ ಇಂಥವು ಆಗುತ್ತಲೇ ಇರುತ್ತವೆ. ಹೇಳದೆ ಒಳಗಿಟ್ಟುಕೊಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಹೇಳಿದರೂ ಕೂರಲಾಗುವುದಿಲ್ಲ, ಅದು ಬೇರೆ ಮಾತು.

ಆಟದ ಸಾಮಾನು ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಪ್ಲಾಸ್ಟಿಕ್ಕಿನ ಪುಟ್ಟ ಇಟ್ಟಿಗೆಗಳು. ಮೇಲೆ ಉಬ್ಬಿದ ಗುಬಟು, ಕೆಳಗೆ ಟೊಳ್ಳು. ಒಂದರ ಮೇಲೊಂದು ಒತ್ತಿದರೆ ಟಕ್ ಅಂತ ಕಚ್ಚಿಕೊಳ್ಳುತ್ತವೆ. ಅಂಗಡಿಯಲ್ಲಿ ಡಬ್ಬಿ ಕೊಂಡರೆ ಯಾವುದೋ ದೇಶದ ರೇಸ್ ಕಾರು ಮಾಡುವ ವಿಧಾನ ಒಳಗೇ ಇರುತ್ತದೆ. ನನಗೆ ಅದು ಬೇಡ. ನಮ್ಮ ಕಡೆ ಓಡಾಡುವ ಗಾಡಿಗಳು ಯಾವ ಡಬ್ಬಿಯಲ್ಲೂ ಬರುವುದಿಲ್ಲ. ಎಳನೀರು ತುಂಬಿದ ಗೂಡ್ಸ್ ಆಟೋ, ಟಿಲ್ಲರು, ನೀರಿನ ಟ್ಯಾಂಕರು, ಇವನ್ನೆಲ್ಲ ನಾನೇ ಅಳತೆ ತೆಗೆದು, ನಕ್ಷೆ ಬರೆದು, ಕಟ್ಟಿ, ಕೆಡವಿ, ಮತ್ತೆ ಕಟ್ಟುತ್ತೇನೆ. ಆಮೇಲೆ ಯಾರಾದರೂ ಕರೆದರೆ ಪ್ರದರ್ಶನಕ್ಕೆ ಇಡುತ್ತೇನೆ.

ಈಗ ನಮ್ಮ ಮಾವ. ಇವರಿಲ್ಲದೆ ಈ ಕತೆ ಇಲ್ಲ. ಮಾವ ಅಂದರೆ ನಮ್ಮ ತಾಯಿಯ ತಮ್ಮ, ಹಂದನಕೆರೆಯವರು. ಅವರ ಮಗಳನ್ನೇ ನಾನು ಮದುವೆಯಾಗಿರುವುದು. ಹಾಗಾಗಿ ಅವರು ನನಗೆ ಎರಡು ಕಡೆಯಿಂದಲೂ ಮಾವ, ಬೈಯುವ ಹಕ್ಕೂ ಎರಡು ಪಾಲು. ಬೇರೆ ಮನೆ ಅಳಿಯಂದಿರಿಗೆ ಸಿಗುವ "ಬನ್ನಿ, ಕೂತ್ಕಳಿ" ನನಗೆ ಸಿಕ್ಕಿಲ್ಲ. "ಲೇ" ಅನ್ನಿಸಿಕೊಂಡೇ ಬೆಳೆದವನು, ತಾಳಿ ಕಟ್ಟಿದ ಮೇಲೂ "ಲೇ" ಆಗಿಯೇ ಉಳಿದೆ. ಮಾವ ಬಹಳ ಕಾಲ ಚಿಕ್ಕನಾಯಕನಹಳ್ಳಿಯಿಂದ ಶೆಟ್ಟಿಕೆರೆ ಮೇಲೆ ತಿಪಟೂರಿಗೆ ಪ್ರೈವೇಟ್ ಬಸ್ಸು ಓಡಿಸಿದವರು. ಒಂದೇ ರೂಟು, ಒಂದೇ ಬಸ್ಸು. ಈಗ ತೋಟ ನೋಡಿಕೊಂಡಿದ್ದಾರೆ.

ನಾನು ಮೊದಲು ಕಟ್ಟಿದ್ದು ಟ್ರ್ಯಾಕ್ಟರು. ಮಾವನಿಗೆ ತೋರಿಸಿದೆ. "ಇದು ಉಳತದಾ?" ಅಂದರು. ಇಲ್ಲ ಅಂದೆ. "ಮತ್ಯಾಕ್ಲಾ?" ಅಂದರು. ಆಮೇಲೆ ಟ್ಯಾಂಕರು ತೋರಿಸಿದೆ. ನೀರು ನಿಲ್ಲುತ್ತದಾ ಅಂತ ಕೇಳಿದರು. ನಿಲ್ಲುವುದಿಲ್ಲ ಅಂದೆ. ಅದಕ್ಕೂ "ಮತ್ಯಾಕ್ಲಾ?" ಅಂದರು. ಈ ಎರಡು ಪದ ನನ್ನ ತಲೆಯಲ್ಲಿ ಸೊಳ್ಳೆ ಥರ ಸುತ್ತತೊಡಗಿದವು. ಕೊನೆಗೆ ಹೆಂಡತಿಯ ಹತ್ತಿರ ಒಂದು ಮಾತು ಹೇಳಿಬಿಟ್ಟೆ. ನಿಮ್ಮಪ್ಪ ಓಡಿಸಿದ ಬಸ್ಸನ್ನೇ ಕಟ್ಟುತ್ತೇನೆ, ಇದು ಯಾವ ಬಸ್ಸು ಅಂತ ಹೇಳದೆ ತಿಪಟೂರಿನಲ್ಲಿ ಆಗಲಿರುವ ಹವ್ಯಾಸಿಗಳ ಪ್ರದರ್ಶನದಲ್ಲಿ ಅವರ ಮುಂದೆ ಇಡುತ್ತೇನೆ. ಅವರಾಗಿಯೇ ಗುರುತು ಹಿಡಿದರೆ ಸರಿ. ಹಿಡಿಯದಿದ್ದರೆ ಇಟ್ಟಿಗೆಯನ್ನೆಲ್ಲ ಅಂಗನವಾಡಿಗೆ ಕೊಟ್ಟು, ಈಗ ಅವು ತುಂಬಿಕೊಂಡಿರುವ ಮುಂದಿನ ಕೋಣೆ ನಿನಗೆ ಬಿಟ್ಟುಕೊಡುತ್ತೇನೆ.

"ಮಾತು ತಪ್ಪಬಾರ್ದು ಕಣ್ರೀ" ಅಂದಳು. ಆ ಕೋಣೆಯಲ್ಲಿ ಬಂದವರು ಕೂರಲು ಒಂದು ದಿವಾನ ಹಾಕಿಸಬೇಕು ಅಂತ ಅವಳಿಗೆ ಮದುವೆಯಾದಾಗಿನಿಂದ ಆಸೆ.

ಟೇಪು ಹಿಡಿದವನು

ಬಸ್ಸು ಕಟ್ಟಬೇಕಾದರೆ ಬಸ್ಸು ನೋಡಬೇಕು. ಮಾವನ ಬಸ್ಸು ಓಡುವುದನ್ನು ಯಾವತ್ತೋ ನಿಲ್ಲಿಸಿತ್ತು. ಅದರ ಬಾಡಿಯನ್ನು ಶೆಟ್ಟಿಕೆರೆ ಹತ್ತಿರದ ತೋಟದವರು ಕೊಂಡು, ಚಕ್ರ ತೆಗೆಸಿ, ತೆಂಗಿನಮಟ್ಟೆ ತುಂಬಲು ಇಟ್ಟುಕೊಂಡಿದ್ದರು. ಮಾವ ಒಮ್ಮೆಯೂ ಅತ್ತ ಹೋದವರಲ್ಲ. ಯಾಕೆ ಅಂದರೆ, "ಅದ್ನೇನ್ ನೋಡದು" ಅನ್ನುತ್ತಿದ್ದರು. ನಾನು ಹೋದೆ.

ತೋಟದಲ್ಲಿ ಒಬ್ಬ ಅಜ್ಜಿ ಮಾತ್ರ ಇದ್ದರು. ನಾನು ಟೇಪು ಬಿಚ್ಚಿ ಉದ್ದ ಅಳೆದೆ, ಅಗಲ ಅಳೆದೆ, ಕಿಟಕಿಯಿಂದ ಕಿಟಕಿಗೆ ಅಳೆದೆ. ಬಸ್ಸಿನ ಸುತ್ತ ಓಡಾಡುತ್ತಲೇ ಇದ್ದೆ. ಅಜ್ಜಿ ದೂರದಿಂದ ನೋಡುತ್ತಾ ನಿಂತವರು ಸ್ವಲ್ಪ ಹೊತ್ತಿಗೆ ಎಳನೀರು ಕೆತ್ತಿ ತಂದು ಕೊಟ್ಟರು. ಬಹಳ ಮರ್ಯಾದೆಯಿಂದ, ರೋಡು ಎಷ್ಟು ಅಗಲ ಬರುತ್ತೆ ಅಂತ ಕೇಳಿದರು. ನಮ್ಮ ಕಡೆ ಟೇಪು ಹಿಡಿದು ತೋಟಕ್ಕೆ ಬರುವವರು ಇಬ್ಬರೇ. ರಸ್ತೆ ಅಗಲ ಮಾಡುವವರು, ಇಲ್ಲವೇ ದಾಯಾದಿಗಳು. ನನ್ನನ್ನು ಮೊದಲನೆಯವನು ಅಂದುಕೊಂಡಿದ್ದರು.

ನಾನು ಗಾಬರಿಯಾಗಿ, ರೋಡೂ ಇಲ್ಲ ಏನೂ ಇಲ್ಲ, ಇದು ಆಟದ ಬಸ್ಸು ಕಟ್ಟುವುದಕ್ಕೆ, ಇಟ್ಟಿಗೆ ಹೀಗಿರುತ್ತೆ, ಗುಬಟು ಹೀಗಿರುತ್ತೆ ಅಂತ ಎಲ್ಲ ವಿವರಿಸಿದೆ. ಅಜ್ಜಿ ತಾಳ್ಮೆಯಿಂದ ಕೇಳಿಸಿಕೊಂಡರು. ಸರ್ಕಾರದವರು ನಿಜ ಹೇಳುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಆ ಬಸ್ಸು ಓಡುತ್ತಿದ್ದಾಗ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬರುತ್ತಿತ್ತು, ಅದು ಕೆರೆ ಏರಿ ಹತ್ತಿದಾಗಲೇ ನಾವು ಚೀಲ ಹಿಡಿದು ಮನೆ ಬಿಡುತ್ತಿದ್ದೆವು ಅಂತ ಅದೂ ಇದೂ ಹೇಳಿದರು. ನಾನು ಅಳತೆ ಬರೆಯುವ ಆತುರದಲ್ಲಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಡುವಾಗ ಅಜ್ಜಿ ಬೇಲಿ ತನಕ ಬಂದು, ಪಕ್ಕದ ತೋಟದ ಕಡೆ ಕೈ ತೋರಿಸಿ, ದನಿ ತಗ್ಗಿಸಿದರು.

"ಆಟದ್ದೋ ಪಾಟದ್ದೋ, ನಿಮ್ ಬಸ್ಸು ನಮ್ಮ ಓರಗಿತ್ತಿ ತೋಟದ ಮೇಲೇ ಹೋಗ್ಲಿ ಕಣಪ್ಪ. ಅವ್ಳಿಗೆ ಬಸ್ ಅಂದ್ರೆ ಬಲು ಇಷ್ಟ."

ಕಡಲೆಬೀಜ

ಮಾವನ ಬಸ್ಸಿನ ಮೇಲೆ ಯಾವಾಗಲೂ ತೆಂಗಿನಕಾಯಿ ಚೀಲ ಇರುತ್ತಿತ್ತು. ಚೀಲ ಹರಿದು ಕಾಯಿ ಇಣುಕುತ್ತಿರುವ ಹಾಗೆ ಮಾಡಬೇಕು ಅಂತ ನನಗೆ ಹುಚ್ಚು. ಅದಕ್ಕೆ ಕಂದು ಬಣ್ಣದ ಪುಟ್ಟ ಗುಂಡು ಚೂರುಗಳು ಬೇಕು. ಅಂಥ ಚೂರು ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಇಲ್ಲಿ ಹೇಳಿ ತರಿಸಿಕೊಂಡು, ಕಳೆದುಹೋಗಬಾರದು ಅಂತ ಅಡುಗೆಮನೆಯ ಗೂಡಿನಲ್ಲಿ ಒಂದು ಬಟ್ಟಲಲ್ಲಿ ಇಟ್ಟೆ. ಅಡುಗೆಮನೆಯಲ್ಲಿ ಯಾಕೆ ಅಂದರೆ, ಮುಂದಿನ ಕೋಣೆಯಲ್ಲಿ ಇಟ್ಟಿದ್ದನ್ನೆಲ್ಲ ನಾನೇ ತುಳಿದು ಕಳೆಯುತ್ತಿದ್ದೆ.

ಒಂದು ಬೆಳಗ್ಗೆ ಪಕ್ಕದ ಬೀದಿಯ ಹೆಂಗಸೊಬ್ಬರು ಗೃಹಪ್ರವೇಶಕ್ಕೆ ಕರೆಯಲು ಬಂದರು. ಹೆಂಡತಿ ಚಿತ್ರಾನ್ನ ಕೊಟ್ಟಳು. ನಾನು ಬಟ್ಟಲು ನೋಡಲು ಹೋದರೆ ಒಂದು ಚೂರು ಕಡಿಮೆ. ಕಡಲೆಬೀಜದ ಬಾಣಲೆ ಪಕ್ಕದಲ್ಲೇ ಇತ್ತು. ಬಾಗಿಲ ಹತ್ತಿರ ಬಂದು ನಿಂತು ಆ ಹೆಂಗಸಿನ ಬಾಯನ್ನೇ ನೋಡತೊಡಗಿದೆ. ಹೇಳೋಣ ಅಂದರೆ, ನಮ್ಮನೆ ಚಿತ್ರಾನ್ನದಲ್ಲಿ ಪ್ಲಾಸ್ಟಿಕ್ ಇದೆ ಅಂತ ಹೇಗೆ ಹೇಳುವುದು. ಸುಮ್ಮನಿರೋಣ ಅಂದರೆ ಅವರ ಹಲ್ಲಿನ ಗತಿ. ನಾನು ಕಾಲು ಬದಲಿಸುತ್ತಾ ನಿಂತಿದ್ದೆ, ಅವರು ಸೆರಗು ಸರಿಮಾಡಿಕೊಂಡರು.

ಕೊನೆಗೆ 'ಕಟ್' ಅಂತ ಕೇಳಿಸಿತು. ಅವರು ಅದನ್ನು ಬಾಯಿಂದ ತೆಗೆದು, ಕರಿಬೇವಿನ ಎಲೆ ಇಡುವ ಹಾಗೆ ತಟ್ಟೆಯ ಅಂಚಿಗಿಟ್ಟು, ತಿಂಡಿ ಮುಂದುವರಿಸಿದರು. ಕೈ ತೊಳೆದು, ಕುಂಕುಮ ತೆಗೆದುಕೊಂಡು, ಹೊಸ್ತಿಲು ದಾಟುವಾಗ ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದರು.

"ಕಡಲೆಬೀಜ ಇನ್ನೊಂಚೂರು ಹುರೀಬೇಕಿತ್ತು ಕಣೇ."

ಆ ಚೂರನ್ನು ತೊಳೆದು ಬಸ್ಸಿನ ಮೇಲೆ ಏರಿಸಿದ್ದೇನೆ. ಹತ್ತಿರದಿಂದ ನೋಡಿದರೆ ಒಂದು ಕಾಯಿಯ ಮೇಲೆ ಹಲ್ಲಿನ ಗುರುತಿದೆ.

ಬಸ್ಸಿನೊಳಗೆ ಬಸ್ಸು

ತಿಪಟೂರಿನ ಪ್ರದರ್ಶನಕ್ಕೆ ಮುಂಚೆ ತುರುವೇಕೆರೆಯ ಒಂದು ಶಾಲೆಯವರು ವಸ್ತುಪ್ರದರ್ಶನಕ್ಕೆ ಕರೆದರು. ಜನ ಏನನ್ನುತ್ತಾರೆ ನೋಡೋಣ ಅಂತ ಒಪ್ಪಿಕೊಂಡೆ. ಬೈಕಿನಲ್ಲಿ ಕೊಂಡೊಯ್ದರೆ ಉಬ್ಬುಗಳಿಗೆ ಬಸ್ಸು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ನಿಜವಾದ ಬಸ್ಸು ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡರೆ ನನ್ನ ಕಾಲು ನಡುಗುತ್ತದೆ, ನನಗೆ ಹುಟ್ಟಿನಿಂದ ಆ ಅಭ್ಯಾಸ. ಹಾಗಾಗಿ ಪಕ್ಕದ ಸೀಟಿನ ಮೇಲೆ ಕೂರಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಕಂಡಕ್ಟರು ಬಂದು, ಸೀಟು ಹಿಡಿದಮೇಲೆ ಅದಕ್ಕೂ ಟಿಕೆಟ್ ಆಗುತ್ತೆ ಅಂದರು. ಇದು ಆಟದ ಸಾಮಾನು ಅಂದೆ. ಆಟದ ಸಾಮಾನು ತೊಡೆ ಮೇಲಿರಬೇಕು ಅಂದರು. ನಾನು ತೊಡೆ ನಡುಗುವ ವಿಚಾರ ವಿವರಿಸಿದೆ. ಹಿಂದಿನ ಸೀಟಿನವರೊಬ್ಬರು, ಕೋಳಿಗೇ ಟಿಕೆಟ್ ಹರಿಯುವ ಕಾಲ, ಬಸ್ಸಿಗೆ ಬಿಡುತ್ತಾರಾ ಅಂದರು. ಇನ್ನೊಬ್ಬರು, ಹಾಗಾದರೆ ಅದರೊಳಗೆ ಕೂತಿರೋರ್ಗೂ ಹರೀರಿ ಅಂತ ಕಂಡಕ್ಟರನ್ನು ಕೆಣಕಿದರು. ಇಡೀ ಬಸ್ಸು ನಕ್ಕಿತು.

ಕಂಡಕ್ಟರು ನಗಲಿಲ್ಲ. ಕೆಲಸದಲ್ಲಿ ಶಿಸ್ತಿನ ಮನುಷ್ಯ. ಸೊಂಟ ಬಗ್ಗಿಸಿ ನನ್ನ ಬಸ್ಸಿನ ಪುಟ್ಟ ಕಿಟಕಿಗಳಲ್ಲಿ ಒಂದೊಂದಾಗಿ ಇಣುಕಿದರು. "ಒಳಗೆ ಯಾರ್ರೀ ಇರೋರು?" ಅಂದರು. ಎರಡೇ ಬೊಂಬೆ ಸಾರ್, ಮುಂದೆ ಇರೋದು ಡ್ರೈವರು, ಹಿಂದಿನ ಬಾಗಿಲಲ್ಲಿ ನಿಂತಿರೋದು ಕಂಡಕ್ಟರು, ಅಂದೆ.

ಅವರು ಟಿಕೆಟ್ ಮೆಷೀನನ್ನು ಚೀಲಕ್ಕೆ ಹಾಕಿದರು.

"ಅಂಗಂತ ಮೊದ್ಲೇ ಹೇಳ್ಬಾರ್ದಾ. ಸ್ಟಾಫ್‌ಗೆ ಟಿಕೆಟ್ ಇಲ್ಲ."

ಇನ್ನೂ ಆಗಿಲ್ಲ

ಇದನ್ನು ಹೇಳುವ ಮೊದಲು ಕೊಬ್ಬರಿ ವಿಚಾರ ಹೇಳಬೇಕು. ನಿಮಗೆ ಗೊತ್ತಿದ್ದರೆ ಮುಂದಿನ ನಾಲ್ಕು ಸಾಲು ಬಿಟ್ಟುಬಿಡಿ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಉಂಡೆಯಾಗಿ ನಿಲ್ಲಬೇಕು. ಆಯಿತೋ ಇಲ್ಲವೋ ಅಂತ ಒಡೆದು ನೋಡಿದರೆ ಕಾಯಿ ಹಾಳು. ಅದಕ್ಕೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಅಂದರೆ ಆಯಿತು ಅಂತ. ಸುಮ್ಮನಿದ್ದರೆ ಇನ್ನೂ ಆಗಿಲ್ಲ. ಹುಟ್ಟಿನಿಂದ ಇದನ್ನೇ ಮಾಡಿದ ಕೈ, ಯಾವ ವಸ್ತು ಸಿಕ್ಕಿದರೂ ತಾನಾಗಿಯೇ ಕಿವಿಯ ಹತ್ತಿರ ಹೋಗುತ್ತದೆ.

ನನ್ನ ಇಟ್ಟಿಗೆ ಕೆಲಸದಲ್ಲಿ ಇದು ತಲೆಕೆಳಗು. ಇಟ್ಟಿಗೆಯ ಗಾಡಿ ಅಲ್ಲಾಡಿಸಿದಾಗ ಶಬ್ದ ಬಂದರೆ ಒಳಗೆ ಯಾವುದೋ ಚೂರು ಕಳಚಿದೆ ಅಂತ, ಕಟ್ಟಿದ್ದು ಸರಿಯಿಲ್ಲ ಅಂತ. ಮಾವನ ಬಸ್ಸನ್ನು ನಾನು ಒಂದು ಸದ್ದೂ ಬರದ ಹಾಗೆ ಕಟ್ಟಿದ್ದೆ. ಅದೇ ನನ್ನ ಹೆಮ್ಮೆ.

ತುರುವೇಕೆರೆಯ ಶಾಲೆಗೆ ಕೊಬ್ಬರಿ ವ್ಯಾಪಾರದ ಹಿರಿಯರೊಬ್ಬರು ಬಂದರು. ಮೊಮ್ಮಗಳ ಕೈ ಬಿಟ್ಟು ಸೀದಾ ನನ್ನ ಬಸ್ಸನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಜೋರಾಗಿ ಅಲ್ಲಾಡಿಸಿದರು. ಒಂದು ಸದ್ದೂ ಬರಲಿಲ್ಲ. ನಾನು ಹೆಮ್ಮೆಯಿಂದ ನೋಡಿದೆ. ಅವರು ಮರುಕದಿಂದ ನೋಡಿದರು. "ಇನ್ನೂ ಆಗಿಲ್ಲ ಕಣಪ್ಪ. ಅಟ್ಟಕ್ಕಾಕು" ಅಂದರು.

ಅವರು ಹೋದಮೇಲೆ ಭಯವಾಗಿ ಒಂದು ರಟ್ಟಿನ ಮೇಲೆ 'ದಯವಿಟ್ಟು ಅಲ್ಲಾಡಿಸಬೇಡಿ' ಅಂತ ಬರೆದು ಇಟ್ಟೆ. ಅದೇ ತಪ್ಪಾಯಿತು. ಅಲ್ಲಿಯ ತನಕ ನೋಡಿಕೊಂಡು ಮುಂದೆ ಹೋಗುತ್ತಿದ್ದವರು ಈಗ ನಿಂತು, ಬೋರ್ಡು ಓದಿ, ಅಕ್ಕಪಕ್ಕ ನೋಡಿ, ಯಾಕಿರಬಹುದು ಅಂತ ಒಂದು ಸಲ ಅಲ್ಲಾಡಿಸಿ ಮುಂದೆ ಹೋದರು. ಬೋರ್ಡಿನ ಸುದ್ದಿ ಕೇಳಿ ಶಾಲೆಯ ಹೆಡ್‌ಮೇಷ್ಟ್ರೂ ಬಂದು ನೋಡಿದರು. "ಒಳ್ಳೇ ಬೋರ್ಡು. ಎಲ್ರೂ ಓದ್ತಾವ್ರೆ" ಅಂದು, ತಾವೂ ಅಲ್ಲಾಡಿಸಿದರು.

ಗಡಗಡ

ತಿಪಟೂರಿನ ಪ್ರದರ್ಶನ ಒಂದು ಕಾಲೇಜಿನ ಹಾಲಿನಲ್ಲಿ. ಸ್ಟಾಂಪು ಕೂಡಿಸುವವರು, ನಾಣ್ಯ ಕೂಡಿಸುವವರು, ಕುಂಡದಲ್ಲಿ ಆಲದಮರ ಬೆಳೆಸುವವರು, ನಡುವೆ ನಾನು. ಬೆಳಗ್ಗೆಯಿಂದ ಕೂತಿದ್ದಕ್ಕಿಂತ ಎದ್ದಿದ್ದೇ ಹೆಚ್ಚು. ಬಸ್ಸನ್ನು ಡಬ್ಬಿಯಿಂದ ಎತ್ತಿದೆ. ಒಳಗೆ 'ಗಡ' ಅಂದಿತು.

ತುರುವೇಕೆರೆಯವರ ಕೈಚಳಕ. ಒಳಗೊಂದು ಚೂರು ಕಳಚಿದೆ. ಅದನ್ನು ತೆಗೆಯಬೇಕಾದರೆ ಮೊದಲು ಕಾಯಿ ಚೀಲ ಇಳಿಸಬೇಕು, ಆಮೇಲೆ ಏಣಿ, ಆಮೇಲೆ ಇಡೀ ಮೇಲ್ಛಾವಣಿ. ಬಿಚ್ಚೋಣ ಅಂತ ಕೈ ಹಾಕಿದೆ, ಅಷ್ಟರಲ್ಲಿ ಬಾಗಿಲಲ್ಲಿ ಮಾವ, ಅವರ ಹಿಂದೆ ನನ್ನ ಹೆಂಡತಿ. ತುಂಬಿದ ಬಿಂದಿಗೆ ಇಳಿಸುವ ಹಾಗೆ ಬಸ್ಸನ್ನು ಮೇಜಿನ ಮೇಲಿಟ್ಟೆ. 'ಅಲ್ಲಾಡಿಸಬೇಡಿ' ಬೋರ್ಡನ್ನು ಮುಂದಕ್ಕೆ ತಳ್ಳಿದೆ.

ಮಾವ ಮೇಜನ್ನು ಒಂದು ಸುತ್ತು ಬಂದರು. ಬೆಳಗಿನ ಟ್ರಿಪ್ಪಿಗೆ ಮುಂಚೆ ಡ್ರೈವರುಗಳು ಬಸ್ಸಿನ ಸುತ್ತ ಬರುತ್ತಾರಲ್ಲ, ಹಾಗೆ. ಬೆರಳಿನಿಂದ ಟೈರು ಒತ್ತಿದರು. ಬದಿಯ ನೀಲಿ ಪಟ್ಟಿ ನೋಡಿದರು. ಹಿಂದಿನ ಏಣಿ ನೋಡಿದರು, ಅದರ ಮೂರನೇ ಮೆಟ್ಟಿಲು ಸೊಟ್ಟ ಇರುವುದನ್ನೂ ನಾನು ಬಿಟ್ಟಿರಲಿಲ್ಲ. ಮುಂದೆ ಕಟ್ಟಿದ ನಿಂಬೆಹಣ್ಣು ನೋಡಿದರು.

"ಯಾವ್ ಬಸ್ಲಾ ಇದು?"

"ನೀವೇ ಹೇಳಿ ಮಾವ."

"ಯಾವ್ದೋ ಬಸ್ಸು. ಎಲ್ಲಾ ಬಸ್ಸೂ ಹಿಂಗೇ ಇರ್ತವೆ."

ನಾನು ಹೆಂಡತಿಯ ಮುಖ ನೋಡಿದೆ. ಅವಳಿಗೂ ಪಾಪ ಅನಿಸಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕಣ್ಣುಗಳು ಆಗಲೇ ದಿವಾನವನ್ನು ಯಾವ ಗೋಡೆಗೆ ಹಾಕಿಸುವುದು ಅಂತ ಲೆಕ್ಕ ಹಾಕುತ್ತಿದ್ದವು. ನನಗೆ ಅಂಗನವಾಡಿಯ ಮಕ್ಕಳು ನನ್ನ ಸೊಟ್ಟ ಮೆಟ್ಟಿಲನ್ನು ಬಾಯಿಗೆ ಹಾಕಿಕೊಳ್ಳುವುದು ಕಾಣಿಸಿತು.

ಮಾವ ಬೋರ್ಡು ಓದಿದರು. ಯಾಕೆ ಅಲ್ಲಾಡಿಸಬಾರದು ಅಂತ ಕೇಳಿದರು. ನಾನು ತುರುವೇಕೆರೆಯಿಂದ ಶುರು ಮಾಡಿ ವಿವರಿಸತೊಡಗಿದೆ. ನನ್ನ ವಿವರಣೆ ಅಟ್ಟದ ತನಕ ಬರುವುದರೊಳಗೆ ಅವರು ಬಸ್ಸನ್ನು ಎತ್ತಿ ಆಗಿತ್ತು. ಅವರೂ ತೆಂಗಿನ ತೋಟದವರೇ ತಾನೆ. ಕೈ ಕಿವಿಯ ಹತ್ತಿರ ಹೋಯಿತು.

ಗಡಗಡ.

ನಾನು ಕಣ್ಣು ಮುಚ್ಚಿದೆ. ಮತ್ತೊಮ್ಮೆ ಗಡಗಡ. ಆಮೇಲೆ ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಮಾವ ಬಸ್ಸನ್ನು ಅಲ್ಲಾಡಿಸದೆ, ಕಿವಿಗೆ ಆನಿಸಿಕೊಂಡು ನಿಂತಿದ್ದರು. ಮುಖ ಯಾರದೋ ದನಿ ಕೇಳಿಸಿಕೊಂಡವರ ಹಾಗಿತ್ತು.

"ಬಾನೆಟ್ ಕಡೆಯಿಂದ ಬತ್ತೈತೆ" ಅಂದರು. ಇನ್ನೊಂದು ಸಲ, ಮೆಲ್ಲಗೆ, ಏರಿ ಹತ್ತುವ ಹಾಗೆ ಮುಂದಿನ ಕಡೆ ಎತ್ತಿ ಅಲ್ಲಾಡಿಸಿದರು. "ಏರಿ ಮೇಲೆ ಜಾಸ್ತಿ ಆಯ್ತದೆ. ಲೇ, ಇದು ನನ್ ಬಸ್ಸು ಕಣ್ಲಾ."

ಯಾರಿಗೂ ಮುಖ ಕಾಣದಿರಲಿ ಅಂತ ನಾನು ಒಂದು ಸಲ ಕಿಟಕಿಯ ಕಡೆ ತಿರುಗಿದೆ. ಅವರು ಆಗಲೇ ನಾಣ್ಯದವರನ್ನೂ ಆಲದಮರದವರನ್ನೂ ಕರೆದು ಕಿವಿ ಕೊಡಿ ಅನ್ನುತ್ತಿದ್ದರು. ಆ ಶಬ್ದ ಹುಡುಕಲು ಎಷ್ಟು ಮೆಕ್ಯಾನಿಕ್ಕುಗಳು ಬಂದರೂ ಆಗಲಿಲ್ಲವಂತೆ, ಶೆಟ್ಟಿಕೆರೆಯವರು ಅದನ್ನು ಕೇಳಿಯೇ ಮನೆ ಬಿಡುತ್ತಿದ್ದರಂತೆ, ಅದಿಲ್ಲದಿದ್ದರೆ ಓಡಿಸುವಾಗ ತಮಗೆ ನಿದ್ದೆಯೇ ಬಂದುಬಿಡುತ್ತಿತ್ತಂತೆ. ನೀಲಿ ಪಟ್ಟಿ, ಏಣಿ, ನಿಂಬೆಹಣ್ಣು, ಯಾವುದರ ಮಾತೂ ಇಲ್ಲ. ಪ್ರದರ್ಶನದ ಮೇಲ್ವಿಚಾರಕರು ಬಂದು ಬೋರ್ಡು ತೋರಿಸಿದಾಗ ಮಾವ ನನ್ನ ಕಡೆ ತಿರುಗಿದರು.

"ಇದ್ಯಾವ ಬೋರ್ಡ್ಲಾ? ಅಲ್ಲಾಡ್ಸಿ ಅಂತ ಹಾಕಿದ್ದಿದ್ರೆ ಬಂದ ತಕ್ಷಣ ಹೇಳ್ತಿದ್ದೆ."

ಮುಂದಿನ ಕೋಣೆ ನನ್ನದಾಗಿಯೇ ಉಳಿಯಿತು. ಬಸ್ಸು ಮಾತ್ರ ಈಗ ಹಂದನಕೆರೆಯಲ್ಲಿದೆ, ಮಾವ ತಾವೇ ಎತ್ತಿಕೊಂಡು ಹೋದರು. ನಾನು ಇದನ್ನು ಬರೆಯುತ್ತಿರುವುದೂ ಅವರ ಮನೆಯ ಜಗುಲಿಯ ಮೇಲೆಯೇ. ಒಳಗೆ ಅವರ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಬಂದು ಕೂತಿದ್ದಾರೆ. ಆಗಲಿಂದ ಇಬ್ಬರೂ ಬಸ್ಸನ್ನು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ದಾಟಿಸುತ್ತಿದ್ದಾರೆ.

ಈಗ ಆ ಶಬ್ದ ಬರುವುದು ಹೇಗೆ ಅಂತ ನಿಮಗೆ ಹೇಳಿಬಿಡಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ಬಾನೆಟ್ಟಿನ ಒಳಗೆ, ಡ್ರೈವರ್ ಬೊಂಬೆಯ ಕಾಲ ಹತ್ತಿರ, ಒಂದು ಅಡ್ಡಪಟ್ಟಿ ಇದೆ. ಕಳಚಿದ ಚೂರು ಆ ಪಟ್ಟಿಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ಉರುಳುತ್ತದೆ. ಅದು ಉರುಳುವುದಕ್ಕೆ ಕಾರಣ ಏನಪ್ಪಾ ಅಂದರೆ, ಪಟ್ಟಿಯ ಕೆಳಗೆ ನಾನು ಮೊದಲು ಒಂದು

ಮಾವ ಕೂಗುತ್ತಿದ್ದಾರೆ.

"ಲೇ, ಬೇಗ ಬಾರ್ಲಾ! ಇವ್ನ್ ಕೈಗೆ ಕೊಟ್ಟೆ, ಬಸ್ ಕೆಟ್ಟೋಯ್ತು. ಸದ್ದೇ ಬತ್ತಿಲ್ಲ."